ಅಕ್ಕನ ಚೀಲದಿಂದ ತೆಗೆದ ಮೂರು ಸೀರೆ

ಆಳಂದ

ವಿಯೆಟ್ನಾಮಿಗೆ ಹೊರಡುವ ದಿನ ಬೆಳಿಗ್ಗೆ, ಅಕ್ಕ ಸ್ನಾನಕ್ಕೆ ಹೋದಾಗ, ನಾನು ಅವಳ ಚೀಲದ ಜಿಪ್ಪು ಎಳೆದು ಮೂರು ಸೀರೆ ಹೊರತೆಗೆದೆ. ಎರಡು ಇಳಕಲ್ಲಿನವು, ಒಂದು ಹತ್ತಿಯದು. ಅವುಗಳ ಜಂಪರು, ಲಂಗಗಳನ್ನೂ ತೆಗೆದೆ. ಆ ಜಾಗದಲ್ಲಿ ನಾನೇ ಹೊಲಿದ ಮೂರು ಜೊತೆ ಪ್ಯಾಂಟು ಅಂಗಿ ಇಟ್ಟು, ಮೇಲೆ ಅವಳ ಟವೆಲ್ಲನ್ನು ಮೊದಲಿದ್ದ ಹಾಗೆಯೇ ಹಾಸಿ, ಬೀಗ ಹಾಕಿ, ಕೀಲಿಯನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ಸೀರೆಗಳು ನನ್ನ ಅಲಮಾರಿಯ ಕೆಳಗಿನ ಅರೆಗೆ ಹೋದವು. ಇದನ್ನು ಮೊದಲೇ ಹೇಳಿದರೆ ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಬರೆಯುವ ನದಿ, ದೀಪ, ಹಳದಿ ಗೋಡೆಗಳೆಲ್ಲ ಸುಳ್ಳಾಗುತ್ತವೆ.

ನಾನು ಆಳಂದದಲ್ಲಿ ಟೇಲರ್. ಓದಿದ್ದು ಏಳನೆಯ ತರಗತಿಯ ತನಕ. ಜಂಪರು ಹೊಲಿಯುವುದು, ಸೀರೆಗೆ ಫಾಲು ಹಚ್ಚುವುದು ನನ್ನ ಕೆಲಸ. ನನ್ನ ಮೊದಲ ಮಷಿನ್ನು ಅಕ್ಕನದು. ಅವಳ ಮದುವೆಯಲ್ಲಿ ಕೊಟ್ಟದ್ದನ್ನು ಅವಳು ಗಂಡನ ಮನೆಗೆ ಒಯ್ಯದೆ, 'ಇದು ನಂದಾಗ ಇರಲಿ' ಎಂದು ಬಿಟ್ಟು ಹೋದಳು. ನಂದಾ ಅಂದರೆ ನಾನು. ಅಕ್ಕ ಕಿಣ್ಣಿ ಸುಲ್ತಾನದಲ್ಲಿ ಒಕ್ಕಲುತನ ಮಾಡುತ್ತಾಳೆ. ಅವಳ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು, ಕೊರಳಲ್ಲಿ ಲಿಂಗ ಇಲ್ಲದ್ದನ್ನು ನಾನು ನೋಡಿಯೇ ಇಲ್ಲ.

ನಮ್ಮ ಮನೆಯವರದು ಬೀಜ, ಗೊಬ್ಬರದ ಅಂಗಡಿ. ಒಂದು ಬೀಜದ ಕಂಪನಿ ಈ ಸಲ ಡೀಲರುಗಳನ್ನು ಜೋಡಿಯಾಗಿ ವಿಯೆಟ್ನಾಮಿಗೆ ಕರೆದೊಯ್ಯುವುದಾಗಿ ಹೇಳಿ, ಪ್ರವಾಸದ ವಿವರದ ಒಂದು ಚೀಟಿ ಕೊಟ್ಟಿತು. ನಮ್ಮ ಮನೆಯವರು ಎಂಥ ದೊಡ್ಡ ಹಾವನ್ನಾದರೂ ಹಿಡಿಯುತ್ತಾರೆ, ವಿಮಾನ ಮಾತ್ರ ಹತ್ತುವುದಿಲ್ಲ.

"ನೀನು, ನಿಮ್ಮ ಅಕ್ಕ ಹೋಗಿ ಬರ್ರಿ" ಅಂದರು. "ವಿಮಾನ ಬಿದ್ರ ಅಂಗಡಿ ಯಾರ್ ನೋಡ್ತಾರ?"

"ನಾ ಬಿದ್ರ ನಡೀತದೇನ್ರಿ?"

"ನಿಮ್ಮ ಅಕ್ಕ ಜೋಡಿ ಇದ್ರ ವಿಮಾನಕ್ಕೂ ಬೀಳಾಕ ಧೈರ್ಯ ಬರೂದಿಲ್ಲ ಬಿಡು."

ಆಗ ಶುರುವಾಯಿತು ನನ್ನ ಬಟ್ಟೆಯ ಚಿಂತೆ. ಕಲಬುರಗಿಯ ಒಬ್ಬ ಡೀಲರನ ಹೆಂಡತಿ, ರೇಖಾ ವೈನಿ, ಒಮ್ಮೆ ಬ್ಯಾಂಕಾಕ್ ನೋಡಿ ಬಂದವರು. ಫೋನಿನಲ್ಲಿ ನನಗೆ ಬುದ್ಧಿ ಹೇಳಿದರು. "ಸೀರಿ ಉಟ್ಟು ಹೋದ್ರ ಮುಗೀತು ನೋಡ್ರಿ. ದೂರದಿಂದನೇ ಗುರ್ತ ಹಿಡೀತಾರ, ಪ್ರವಾಸಿ ಬಂದಾರಂತ. ಆಟೋದಾಂವ ಮೋಸ ಮಾಡ್ತಾನ, ಅಂಗಡಿಯಾಂವ ಮೋಸ ಮಾಡ್ತಾನ. ಪ್ಯಾಂಟ್ ಹಾಕ್ಕೋರಿ, ಅಲ್ಲಿಯವರಂಗ ಕಾಣ್ರಿ."

ನಾನು ಸೊಲ್ಲಾಪುರಕ್ಕೆ ಹೋಗಿ ಹೂವಿನ ಹತ್ತಿ ಬಟ್ಟೆ ತಂದೆ. ಫೋನಿನಲ್ಲಿ ಚಿತ್ರ ನೋಡಿ, ಇಬ್ಬರಿಗೂ ಮೂರು ಮೂರು ಜೊತೆ ಹೊಲಿದೆ. ಒಂದೇ ಬಟ್ಟೆಯ ಸಡಿಲ ಪ್ಯಾಂಟು, ಅದೇ ಹೂವಿನ ಅರ್ಧ ತೋಳಿನ ಅಂಗಿ. ಅಕ್ಕನಿಗೆ ತೋರಿಸಿದರೆ ಅವಳು ನಕ್ಕು, "ಚಲೋ ಹೊಲದಿ ಬೇ. ನೀ ಹಾಕ್ಕೋ. ನನಗ ನನ್ನ ಸೀರಿ ಅದಾವ" ಅಂದಳು.

ಮೋಸ ಹೋಗಬಾರದೆಂದು ಹೀಗೆ ಮಾಡುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ವಿಭೂತಿ, ಸೆರಗು, ಒಡೆದ ಹಿಮ್ಮಡಿಯ ಅಕ್ಕನ ಪಕ್ಕದಲ್ಲಿ ಇಪ್ಪತ್ತು ಡೀಲರುಗಳ ಹೆಂಡಂದಿರ ಮುಂದೆ ನಿಲ್ಲಲು ನನಗೆ ನಾಚಿಕೆಯಾಗಿತ್ತು.

ಹೈದರಾಬಾದ್ ವಿಮಾನ ನಿಲ್ದಾಣ

ಅಲ್ಲಿ ಎಲ್ಲ ಜೋಡಿಗಳೂ ಸೇರಿದವು. ನಾನು ನನ್ನ ಹೂವಿನ ಪ್ಯಾಂಟಿನಲ್ಲಿದ್ದೆ. ಅಕ್ಕ ಮನೆಯಿಂದ ಉಟ್ಟು ಬಂದ ಓಡಾಟದ ಸೀರೆಯಲ್ಲಿ, ಹೆಗಲಿಗೆ ಗರಿಗರಿ ಜೋಳದ ಕಟಕ ರೊಟ್ಟಿಯ ಗಂಟು ನೇತು ಹಾಕಿಕೊಂಡು ಬರುತ್ತಿದ್ದಳು. ನಾನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಬಹಳ ದೂರವಲ್ಲ, ಕರೆದರೆ ಕೇಳುವಷ್ಟು. ಆದರೆ ನೋಡಿದವರಿಗೆ ಇವರಿಬ್ಬರೂ ಒಟ್ಟಿಗೆ ಬಂದವರೆಂದು ತಕ್ಷಣ ತಿಳಿಯಬಾರದು, ಅಷ್ಟು.

ಆ ನಾಲ್ಕು ಹೆಜ್ಜೆಯಲ್ಲಿಯೇ ಅನಾಹುತವಾಯಿತು. ಓಡುವ ಮೆಟ್ಟಿಲು ಹತ್ತಿ ನಾನು ಮೇಲೆ ತಲುಪಿದ್ದೆ. ಹಿಂದಿನಿಂದ "ನಂದಾ" ಎಂಬ ದನಿ ಕೇಳಿತು. ಅಕ್ಕ ಕೂಗಿರಲಿಲ್ಲ, ಮನೆಯಲ್ಲಿ ಕರೆಯುವ ಹಾಗೆ ಕರೆದಿದ್ದಳು. ಅವಳ ಸೀರೆಯ ಅಂಚು ಮೆಟ್ಟಿಲಿನ ಹಲ್ಲಿಗೆ ಸಿಕ್ಕು ಒಳಗೆ ಹೋಗುತ್ತಿತ್ತು. ಯಾರೋ ಕೆಂಪು ಗುಂಡಿ ಒತ್ತಿ ಮೆಟ್ಟಿಲು ನಿಲ್ಲಿಸಿದರು. ಸೀರೆ ಮೊಣಕಾಲ ತನಕ ಹರಿದುಹೋಯಿತು.

"ನಿನಗ ಏನೂ ಆಗಿಲ್ಲಲ್ಲ ಅಕ್ಕಾ?"

"ನನಗೇನಾಗ್ತದ? ಅದಕ್ಕ ಹಸಿವಾಗಿತ್ತು, ಸೀರಿ ತಿಂತು" ಅಂದಳು ಅಕ್ಕ. ನನ್ನ ಬಳಿ ಇದ್ದ ಪಿನ್ನುಗಳನ್ನೆಲ್ಲ ಹಚ್ಚಿದೆ. ಪಿನ್ನು ಹಚ್ಚುವಾಗ ನನ್ನ ಮನಸ್ಸು ಏನು ಹೇಳುತ್ತಿತ್ತು ಗೊತ್ತೇ? ನೋಡು, ಇದಕ್ಕೇ ನಾನು ಪ್ಯಾಂಟು ಇಟ್ಟದ್ದು ಎಂದು.

ಹೋಯ್ ಆನ್, ಮೊದಲನೆಯ ದಿನ

ದಾನಾಂಗ್ ಎಂಬ ಊರಿನಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಹೋಯ್ ಆನ್ ತಲುಪಿದೆವು. ಊರನ್ನು ನೋಡಿದ ಕೂಡಲೇ ನನ್ನ ಎದೆ ಹಿಗ್ಗಿತು. ಅದು ದರ್ಜಿಗಳ ಊರು. ಬೀದಿಯ ಎರಡೂ ಕಡೆ ಹೊಲಿಗೆಯ ಅಂಗಡಿಗಳು, ಬಣ್ಣಬಣ್ಣದ ರೇಷ್ಮೆಯ ಥಾನುಗಳು ಮಾಡಿನ ತನಕ ಜೋಡಿಸಿದ್ದವು. ಪ್ರತಿ ಬಾಗಿಲಲ್ಲಿಯೂ ಕೊರಳಿಗೆ ಟೇಪು ಹಾಕಿಕೊಂಡ ಒಬ್ಬ ಹೆಂಗಸು. ನನ್ನ ಕೈ ತಾನಾಗಿಯೇ ನನ್ನ ಕೊರಳಿಗೆ ಹೋಗಿ ಟೇಪು ಹುಡುಕಿತು.

ಹೋಟೆಲಿನ ಕೋಣೆಯಲ್ಲಿ ಅಕ್ಕನ ಚೀಲದ ಬೀಗ ತೆಗೆದೆ. ಅವಳು ಬದಿಯ ಜೇಬಿನಿಂದ ವಿಭೂತಿಯ ಗಟ್ಟಿ ಮಾತ್ರ ತೆಗೆದುಕೊಂಡಳು. ಪಿನ್ನು ಹಚ್ಚಿದ ಸೀರೆಯಲ್ಲಿಯೇ ಊಟಕ್ಕೆ ಇಳಿದಳು. ನಾವು ತಿರುಗಿ ಬರುವಷ್ಟರಲ್ಲಿ ಕೋಣೆ ಗುಡಿಸುವ ಹೆಂಗಸು ಹೊಸ ಟವೆಲ್ಲು ಇಟ್ಟು ಹೊರಗೆ ಬರುತ್ತಿದ್ದಳು. ಮೂವತ್ತೈದರ ಆಸುಪಾಸು, ದುಂಡು ಮುಖ. ಅಕ್ಕನ ವಿಭೂತಿ ನೋಡಿ ತನ್ನ ಹಣೆ ಮುಟ್ಟಿಕೊಂಡು ನಕ್ಕಳು. ಹೆಸರು ಹ್ವಾ ಎಂದಳು.

ಸ್ನಾನ ಮುಗಿಸಿ ಅಕ್ಕ ಚೀಲದೊಳಗೆ ಕೈ ಹಾಕಿದಳು. ಟವೆಲ್ಲು ಎತ್ತಿದಳು. ಒಂದೊಂದಾಗಿ ಹೂವಿನ ಬಟ್ಟೆ ಹೊರಬಂತು.

"ನಂದಾ, ನನ್ನ ಸೀರಿ ಎಲ್ಲಿ?"

ನಾನು ಕಿಟಕಿಯ ಕಡೆ ನೋಡುತ್ತ, "ಅಯ್ಯ, ವಿಮಾನದವರು ತೂಕ ಜಾಸ್ತಿ ಆತಂತ ತೆಗದಿರಬೇಕು. ಹಂಗ ಮಾಡ್ತಾರಂತ. ಚಲೋ ಆತು, ನಾ ಹೆಚ್ಚಿಗಿ ಇರಲಿ ಅಂತ ಇವನ್ನ ಕೆಳಗ ಇಟ್ಟಿದ್ದೆ" ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅಕ್ಕ ಖಾಲಿ ಚೀಲ ಮಗುಚಿ ನೋಡಿದಳು. "ಹೋಗ್ಲಿ ಬಿಡು. ಯಾರಾರ ಉಟ್ಕೊಂಡ್ರ ಉಟ್ಕೊಳ್ಳಿ. ಹರಿದದ್ದೇನ್ ಇರಲಿಲ್ಲ" ಅಂದು, ಪ್ಯಾಂಟು ಎತ್ತಿಕೊಂಡು, "ಇದಕ್ಕ ಮುಂದ ಯಾವ ಕಡೆ?" ಎಂದು ಕೇಳಿದಳು.

ಎರಡನೆಯ ದಿನ

ಬೆಳಿಗ್ಗೆ ಎದ್ದಾಗ ನನಗೆ ಒಂದು ಭಯ ಹೊಕ್ಕಿತು. ಅಕ್ಕ ಲಿಂಗಪೂಜೆ ಮಾಡದೆ ಬಾಯಿಗೆ ನೀರೂ ಹಾಕುವವಳಲ್ಲ. ಪ್ಯಾಂಟಿನಲ್ಲಿ ಪೂಜೆಗೆ ಕೂಡುತ್ತಾಳೆಯೇ? ಕೂಡದಿದ್ದರೆ ಐದು ದಿನ ಉಪವಾಸವೇ? ಕಣ್ಣು ಅರ್ಧ ತೆರೆದು ನೋಡಿದೆ. ಅಕ್ಕ ಹಳದಿ ಹೂವಿನ ಪ್ಯಾಂಟು ಅಂಗಿಯಲ್ಲಿ ಚಕ್ಕಳಬಕ್ಕಳ ಹಾಕಿ ಕೂತಿದ್ದಳು. ಎಡಗೈಯಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಪೂಜೆ ಮುಗಿದ ಮೇಲೆ ನನ್ನ ಮುಖ ನೋಡಿ, "ಯಾಕ್ ಹಂಗ ನೋಡಾಕತ್ತಿ? ಲಿಂಗಕ್ಕ ಸೀರಿ ಬೇಕಂತ ಯಾರ್ ಹೇಳ್ಯಾರ ನಿನಗ?" ಅಂದಳು. "ಕಾಲ ಮಡಚಾಕ ಇದೇ ಸಸಾರ ಅದ ಬೇ."

ಊರು ಸುತ್ತಲು ಹೊರಟೆವು. ಅಲ್ಲಿ ನನಗೆ ಕಾದಿದ್ದ ವಿಷಯವೇ ಬೇರೆ. ಸಂತೆಯಲ್ಲಿ, ಮನೆಯ ಕಟ್ಟೆಗಳ ಮೇಲೆ, ಸ್ಕೂಟರಿನ ಮೇಲೆ, ಎಲ್ಲ ಹೆಂಗಸರ ಮೈಮೇಲೆ ನಾನು ಹೊಲಿದ ಬಟ್ಟೆಯೇ ಇತ್ತು. ಒಂದೇ ಹೂವಿನ ಸಡಿಲ ಪ್ಯಾಂಟು, ಅರ್ಧ ತೋಳಿನ ಅಂಗಿ. ಅದು ಅಲ್ಲಿನ ಮನೆಯ ಬಟ್ಟೆ. ನಮ್ಮಲ್ಲಿ ಹೆಂಗಸರು ನೈಟಿಯ ಮೇಲೆ ಟವೆಲ್ಲು ಹೊದ್ದು ಹಾಲು ತರಲು ಹೋಗುತ್ತಾರಲ್ಲ, ಅದರ ಲೆಕ್ಕ. ಹೊರಗಿನಿಂದ ಬಂದವರು ಮಾತ್ರ ಬೇರೆ ಥರ ಇದ್ದರು. ಅವರೆಲ್ಲ ಹೊಸ ರೇಷ್ಮೆ ಉದ್ದಂಗಿ ಹೊಲಿಸಿಕೊಂಡು, ತಲೆಗೆ ಬಿದಿರಿನ ಚೂಪು ಟೋಪಿ ಹಾಕಿಕೊಂಡು ಹಳದಿ ಗೋಡೆಗಳ ಮುಂದೆ ಫೋಟೋಕ್ಕೆ ನಿಲ್ಲುತ್ತಿದ್ದರು. ಊರವರ ತಲೆಯ ಮೇಲಿದ್ದದ್ದು ಹೆಲ್ಮೆಟ್ಟು. ಬಿಸಿಲಿಗೆ ಮುಖ, ಕೈ, ಕಾಲು ಎಲ್ಲ ಮುಚ್ಚಿಕೊಂಡು ಕಣ್ಣಷ್ಟೇ ಬಿಟ್ಟ ಸ್ಕೂಟರಿನ ಹೆಂಗಸರನ್ನು ನೋಡಿ ನನಗೆ ಏಪ್ರಿಲ್ ತಿಂಗಳಿನ ಕಲಬುರಗಿ ನೆನಪಾಯಿತು.

ಮಾವಿನ ಹಣ್ಣಿನ ಬುಟ್ಟಿಯ ಮುಂದೆ ಅಕ್ಕ ಕುಕ್ಕರುಗಾಲಲ್ಲಿ ಕೂತು ಹಣ್ಣು ಮೂಸಿ ನೋಡುತ್ತಿದ್ದಳು. ಒಬ್ಬ ಎತ್ತರದ ಬಿಳಿ ಹೆಂಗಸು ಬಂದು ಅಕ್ಕನಿಗೇ ಹಣ್ಣಿನ ಬೆಲೆ ಕೇಳಿದಳು. ಅಕ್ಕ ಗಾಬರಿಯಾಗದೆ ಎರಡು ಒಳ್ಳೆಯ ಹಣ್ಣು ಆರಿಸಿ ಅವಳ ಕೈಗಿಟ್ಟು, ಬುಟ್ಟಿಯವಳ ಕಡೆ ಬೆರಳು ತೋರಿಸಿದಳು. ಬುಟ್ಟಿಯವಳು ಬಿದ್ದು ಬಿದ್ದು ನಕ್ಕಳು.

"ಇನ್ನೊಂದ್ ನಾಕ್ ದಿನ ಇದ್ರ ನನಗ ಇಲ್ಲೇ ಅಂಗಡಿ ಹಾಕಿಕೊಡ್ತಾರ" ಅಂದಳು ಅಕ್ಕ.

ಪ್ರವಾಸಿಯ ಹಾಗೆ ಕಾಣಬಾರದೆಂದು ನಾನು ಪಟ್ಟ ಪಾಡೆಲ್ಲ ಹೀಗೆ ಫಲಿಸಿತ್ತು. ಆದರೆ ನನಗೆ ನಗು ಬರಲಿಲ್ಲ. ಕಾರಣ ಬೆಳಿಗ್ಗೆಯ ತಿಂಡಿಯ ಹೊತ್ತಿನಲ್ಲಿ ನಡೆದದ್ದು.

ನಮ್ಮ ಗುಂಪಿನ ಉಸ್ತುವಾರಿ ಕಂಪನಿಯ ದೇಸಾಯಿ ಸರದು. ಅಕ್ಕನನ್ನು ಪ್ಯಾಂಟಿನಲ್ಲಿ ನೋಡಿ, "ಅಕ್ಕಾರ, ಇದೇನ್ರಿ ಹೊಸ ಅವತಾರ?" ಎಂದು ನಕ್ಕರು. ಅಕ್ಕ ಇದ್ದದ್ದು ಹೇಳಿದಳು. "ಸೀರಿ ಕಳದಾವ್ರಿ ಸರ. ವಿಮಾನದವರು ತಗದಾರಂತ."

ದೇಸಾಯಿ ಸರ ನಗು ನಿಲ್ಲಿಸಿದರು. "ವಿಮಾನದವರು ಹಂಗ ತಗಿಯೂದಿಲ್ರಿ. ಬೀಗ ಒಡದಿತ್ತೇನು?"

"ಇಲ್ರಿ."

"ಹಂಗಾದ್ರ ಇಲ್ಲೇ ಆಗ್ಯದ. ನಿನ್ನೆ ಬೀಗ ತಗದು ಊಟಕ್ಕ ಬಂದಿದ್ರೇನು? ರೂಮಿನಾಗ ಯಾರಾರ ಬಂದಿದ್ರೇನ್ರಿ ವೈನಿ?"

ಕಡೆಯ ಪ್ರಶ್ನೆ ನನಗೆ; ಡೀಲರುಗಳ ಹೆಂಡಂದಿರೆಲ್ಲ ಅವರಿಗೆ ವೈನಿ, ಅಂದರೆ ಅತ್ತಿಗೆ. ಎಲ್ಲ ಮೇಜಿನವರೂ ನನ್ನನ್ನು ನೋಡುತ್ತಿದ್ದರು. 'ಸೀರೆ ನನ್ನ ಅಲಮಾರಿಯಲ್ಲಿವೆ' ಎನ್ನಲು ಎಷ್ಟು ಹೊತ್ತು ಬೇಕು? ನನ್ನ ಬಾಯಿಂದ ಬಂದದ್ದು ಒಂದೇ ಸದ್ದು. "ಹೂಂ."

ಅವರು ಎದ್ದು ಹೋಟೆಲಿನ ಕಚೇರಿಗೆ ಹೋದರು. "ಬ್ಯಾಡ್ರಿ ಸರ, ಹಳೀ ಸೀರಿ ಅವು" ಎಂದು ನಾನು ಹಿಂದೆ ಹೋದೆ. "ನೀವು ಸುಮ್ನಿರ್ರಿ. ಇವತ್ತು ನಿಮ್ಮದು, ನಾಳೆ ಮತ್ತೊಬ್ಬರದು" ಅಂದರು. ಅಂದು ಎಲ್ಲ ಜೋಡಿಗಳೂ ತಮ್ಮ ಚೀಲಗಳಿಗೆ ಬೀಗ ಹಾಕಿದವು. ಗುಡಿಸುವವರು ಎದುರಾದರೆ ಪರ್ಸು ಗಟ್ಟಿ ಹಿಡಿದವು.

ಮೂರನೆಯ ದಿನ

ಕೋಣೆ ಗುಡಿಸಲು ಬೇರೊಬ್ಬಳು ಬಂದಳು. ಅಕ್ಕ, "ಹ್ವಾ?" ಎಂದು ಕೇಳಿದಳು. ಬಂದವಳು ನಮ್ಮ ಮುಖ ನೋಡದೆ ಕೈಯಾಡಿಸಿದಳು. ಕೆಳಗೆ ದೇಸಾಯಿ ಸರನ್ನು ವಿಚಾರಿಸಿದಾಗ ತಿಳಿಯಿತು. ವಿಚಾರಣೆ ಮುಗಿಯುವ ತನಕ ಹ್ವಾಳಿಗೆ ಕೆಲಸಕ್ಕೆ ಬರಬೇಡವೆಂದಿದ್ದರು. ಸೀರೆ ಸಿಗದಿದ್ದರೆ ಕೆಲಸ ಹೋದಂತೆಯೇ.

ನಾನು ಅಕ್ಕನನ್ನು ಕರೆದುಕೊಂಡು ನದಿಯ ದಂಡೆಗೆ ಹೋದೆ. ಅಲ್ಲಿ ಒಬ್ಬ ಮುದುಕ ಕಬ್ಬಿನ ಹಾಲು ಮಾರುತ್ತಿದ್ದ. ನಮ್ಮ ಅಫಜಲಪುರದ ಕಡೆಯ ಗಾಣದಂತೆಯೇ ಗಾಣ, ಕಬ್ಬಿನ ಜೊತೆ ಸಣ್ಣ ನಿಂಬೆಹಣ್ಣನ್ನೂ ಸಿಪ್ಪೆ ಸಮೇತ ಹಾಕುತ್ತಿದ್ದ. ಕೂಡಲು ಮಕ್ಕಳಿಗೆ ಮಾಡಿದಂಥ ಗೇಣುದ್ದದ ಪ್ಲಾಸ್ಟಿಕ್ ಸ್ಟೂಲು. ಆ ಊರಲ್ಲಿ ದೊಡ್ಡವರೆಲ್ಲ ಅವುಗಳ ಮೇಲೆಯೇ ಕೂಡುತ್ತಾರೆ. ಮೊಣಕಾಲು ಗದ್ದಕ್ಕೆ ಹತ್ತುವ ಹಾಗೆ ಕೂತು ನಾನು ಹೇಳಿದೆ.

"ಅಕ್ಕಾ, ಸೀರಿ ಯಾರೂ ಕದ್ದಿಲ್ಲ. ನಾನೇ ತಗದೀನಿ. ಆಳಂದದಾಗ ನನ್ನ ಅಲಮಾರಿಯಾಗ ಅದಾವ."

ಅಕ್ಕ ಲೋಟ ಕೆಳಗಿಟ್ಟಳು. "ಯಾಕ?"

"ನೀ ಸೀರಿ ಉಟ್ಟು ಬಂದ್ರ ನನಗ ನಾಚಿಗಿ ಆಗ್ತದಂತ."

ಅವಳು ನದಿಯ ಕಡೆ ತಿರುಗಿದಳು. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವಳು ಅಂದದ್ದು ಇಷ್ಟು.

"ಎರಡು ಇಳಕಲ್ ಸೀರಿ ಯಾಕ ಇಟ್ಟಿದ್ದೆ ಗೊತ್ತದೇನ್ ನಿನಗ? ನಾಳೆ ಸಂಜೀಕ ಕಂಪನಿಯವರ ಊಟ. ಎಲ್ಲಾರೂ ತಮ್ಮ ಊರ ಉಡುಪಿನಾಗ ಬರಬೇಕಂತ ಪ್ರವಾಸದ ಆ ಚೀಟಿಯಾಗ ಬರದದ. ದೇಸಾಯಿ ಸರ ಅಂಗಡಿಗಿ ಬಂದಾಗ ನಾ ಓದಿಸಿಕೊಂಡೆ. ನೀ ಓದಿದವಳಂಗ ತಲಿ ಆಡಿಸಿ ಪರ್ಸಿನಾಗ ಇಟ್ಕೊಂಡಿ. ನಿನ್ನ ಹಂತ್ಯಾಕ ಬರೇ ಪ್ಯಾಂಟ್ ಅದಾವ, ಎಲ್ಲಾರ ನಡುವ ಒಬ್ಬಾಕೀನೇ ಬ್ಯಾರೆ ಕಾಣ್ತಿ ಅಂತ ನಿನಗೊಂದು ಇಟ್ಟಿದ್ದೆ."

ಆ ಚೀಟಿ ಇಂಗ್ಲಿಷಿನಲ್ಲಿತ್ತು. ನನಗೆ ಬರುವುದಿಲ್ಲವೆಂದು ಹೇಳಲು ನಾಚಿ, ನಾನು ಕೇಳಿರಲಿಲ್ಲ. ಏನೂ ಓದದ ಅಕ್ಕ ಕೇಳಿದ್ದಳು.

ನಾನು ಅಳತೊಡಗಿದೆ. ಅಕ್ಕ ಎದ್ದು ನಿಂತು ಪ್ಯಾಂಟು ಝಾಡಿಸಿಕೊಂಡಳು. "ಅಳೂದು ಆಮ್ಯಾಲ. ನನ್ನ ಸೀರಿ ಹಾಳಾಗಿ ಹೋಗ್ಲಿ, ಆ ಹೆಣಮಗಳನ್ನ ಕಳ್ಳಿ ಮಾಡಿ ಕುಂತೀವಲ್ಲ ನಾವು. ಏಳು. ಜಲ್ದಿ."

ಹೋಟೆಲಿನ ಕಚೇರಿಯಲ್ಲಿ ದೇಸಾಯಿ ಸರ ಅವರ ಮುಂದೆ ನಿಂತು ಹೇಳಿದೆ. ಅವರ ಮುಖ ಸಪ್ಪಗಾಯಿತು. ನಂಬಲು ಅವರಿಗೂ ಒಂದು ಗುರುತು ಬೇಕಿತ್ತು, ಹೋಟೆಲಿನವರಿಗೂ ಬೇಕಿತ್ತು. ಮನೆಗೆ ವಿಡಿಯೋ ಕಾಲ್ ಮಾಡಿ ಅಲಮಾರಿ ತೆಗೆಯಲು ಹೇಳಿದೆ. ನಮ್ಮ ಮನೆಯವರು ಫೋನನ್ನು ಕೆಳಗಿನ ಅರೆಗೆ ಹಿಡಿದು, ಎಲ್ಲರಿಗೂ ಕೇಳುವಂತೆ, "ಇಲ್ಲೇ ಬಿದ್ದಾವಲ್ಲ ಬೇ, ಮೂರೂ. ಮರತು ಹೋಗೀರೇನು?" ಅಂದರು.

"ಮರತಿಲ್ರಿ" ಅಂದೆ. "ಬಂದು ಹೇಳ್ತೇನಿ."

ದೇಸಾಯಿ ಸರ ಕಚೇರಿಯ ಹೆಂಗಸಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ಅಲ್ಲಿಂದಲೇ ಹ್ವಾಳಿಗೆ ಫೋನ್ ಮಾಡಿ, ಮರುದಿನದಿಂದ ಬರಲು ಹೇಳಿದಳು. ಅಕ್ಕನಿಗೆ ಅದು ಸಾಲಲಿಲ್ಲ. "ಮನಿ ಎಲ್ಲಿ ಅದ ಕೇಳ್ರಿ ಸರ. ಫೋನಿನಾಗ ತಪ್ಪಾತು ಅನ್ನಾಕ ಬರೂದಿಲ್ಲ."

ಹ್ವಾಳ ಮನೆ ಸಂತೆಯ ಹಿಂದಿನ ಓಣಿಯಲ್ಲಿ. ಬಾಗಿಲಲ್ಲಿ ಅವಳು ನಿಂತಿದ್ದಳು, ಮೈಮೇಲೆ ನೀಲಿ ಹೂವಿನ ಪ್ಯಾಂಟು ಅಂಗಿ. ಮೂವರೂ ಒಂದೇ ಸಮವಸ್ತ್ರದವರಂತೆ ಎದುರು ಬದುರು ನಿಂತೆವು. ಮುಂದಿನ ಕೋಣೆಯೇ ಅವಳ ಅತ್ತೆಯ ಹೊಲಿಗೆಯ ಅಂಗಡಿ, ಅತ್ತೆ ಮಷಿನ್ನಿನ ಮುಂದೆ ಕೂತಿದ್ದಳು. ಕಾಲಲ್ಲಿ ತುಳಿಯುವ ಮಷಿನ್ನು, ನನ್ನದರಂಥದೇ. ನಾನು ಫೋನಿನಲ್ಲಿ ನಮ್ಮ ಮನೆಯವರು ಕಳಿಸಿದ ಸೀರೆಗಳ ಫೋಟೋ ತೋರಿಸಿ, ನನ್ನ ಎದೆ ಮುಟ್ಟಿಕೊಂಡು, ಎರಡೂ ಕೈ ಮುಗಿದೆ. ಹ್ವಾ ಫೋಟೋ ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿತ್ತು. ಅದು ಇರಬೇಕಾದದ್ದೇ. ಅವಳು ಅತ್ತೆಗೆ ಏನೋ ಹೇಳಿದಳು, ಅತ್ತೆ ಮಷಿನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಎದ್ದು ಬಂದು, ನನ್ನ ಅಂಗಿಯ ಕೆಳ ಅಂಚು ಮಗುಚಿ ಒಳಗಿನ ಹೊಲಿಗೆ ಪರೀಕ್ಷೆ ಮಾಡಿದಳು. ಬೆರಳಿನಿಂದ ಎಳೆದಳು. ತಲೆಯಾಡಿಸಿದಳು. ಸ್ಟೂಲು ತೋರಿಸಿದಳು.

ಕೂತೆವು. ಅಕ್ಕ ರೊಟ್ಟಿಯ ಗಂಟು ಬಿಚ್ಚಿ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಇಟ್ಟಳು. ಅವರು ತಂಪು ಚಹಾ ಕೊಟ್ಟರು. ರೊಟ್ಟಿ ಮುರಿಯುವ ಸದ್ದಿಗೆ ಹ್ವಾಳಿಗೆ ಮೊದಲ ಸಲ ನಗು ಬಂತು. ನಮ್ಮಲ್ಲಿಯ ಹಾಗೆ ಅಲ್ಲಿಯೂ ದೊಡ್ಡವರನ್ನು ಬರಿಯ ಹೆಸರಿನಿಂದ ಕರೆಯುವುದಿಲ್ಲ. ಹ್ವಾ ಅಕ್ಕನನ್ನು 'ಚಿ' ಅನ್ನುತ್ತಿದ್ದಳು. ಅಂದರೆ ಅಕ್ಕ ಎಂದು ಆಮೇಲೆ ತಿಳಿಯಿತು.

ಫೋಟೋದ ಸೀರೆ ತೋರಿಸಿ, ಇದನ್ನು ಹೇಗೆ ಉಡುತ್ತೀರೆಂದು ಅವಳು ಸನ್ನೆಯಲ್ಲಿ ಕೇಳಿದಳು. ನನಗೆ ಮರುದಿನದ ಊಟ ನೆನಪಾಯಿತು. ಗೋಡೆಗೆ ಜೋಡಿಸಿದ ಥಾನುಗಳಲ್ಲಿ ಕುಸುಬಿ ಹೂವಿನ ಕೇಸರಿ ಬಣ್ಣದ ರೇಷ್ಮೆ ಒಂದಿತ್ತು. ಅದನ್ನು ಇಳಿಸಿ ಆರು ಗಜ ಅಳೆದೆ. ಹ್ವಾಳ ಅತ್ತೆ ಕತ್ತರಿ ಹಿಡಿದು, ಎಲ್ಲಿ ತೋಳು, ಎಲ್ಲಿ ಕೊರಳು ಎಂದು ಅಕ್ಕನ ಮೈಗೆ ಟೇಪು ಹಿಡಿಯಲು ಬಂದಳು. ಬೇಡ ಎಂದೆ. ಆರು ಗಜವೂ ಹಾಗೇ ಇರಲಿ ಎಂದೆ. ಆ ದರ್ಜಿ ಮುದುಕಿಗೆ ಅದು ನಂಬಲಾಗದ ವಿಷಯ. ಇಷ್ಟು ಉದ್ದದ ಬಟ್ಟೆ ಕೊಂಡು ಏನೂ ಕತ್ತರಿಸದೆ ಇರುವುದೇ?

ಅವಳು ಮಷಿನ್ನು ನನಗೆ ಬಿಟ್ಟುಕೊಟ್ಟಳು. ಕಾಲಿಟ್ಟ ಕೂಡಲೇ ನಾನು ಆಳಂದದಲ್ಲಿದ್ದೆ. ಅಕ್ಕನ ಜಂಪರಿನ ಅಳತೆ ನನಗೆ ಟೇಪಿಲ್ಲದೆ ಬರುತ್ತದೆ. ಅವಳ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿದೆ, ನೀರಿನ ಕೊಡ ಹೊತ್ತದ್ದಕ್ಕೆ. ಬೇರೆ ತುಂಡುಗಳಲ್ಲಿ ಜಂಪರು, ಲಂಗ ಮುಗಿಸಿದೆ. ಸೀರೆಗೆ ಸೆರಗು ಬೇಕಿತ್ತು. ಚಿಂದಿಯ ಬುಟ್ಟಿಯಿಂದ ಕೆಂಪು ರೇಷ್ಮೆಯ ಪಟ್ಟಿ ತೆಗೆದು, ಬಿಳಿ ತುಂಡುಗಳನ್ನು ಗೋಪುರದ ಹಾಗೆ ಕತ್ತರಿಸಿದೆ, ಇಳಕಲ್ ಸೀರೆಯ ಸೆರಗಿನಲ್ಲಿ ಇರುವಂತೆಯೇ. ನಾನು ಕತ್ತರಿಸುತ್ತ ಹೋದೆ, ಹ್ವಾಳ ಅತ್ತೆ ಒಂದೊಂದನ್ನೇ ಕೈಯಿಂದ ಹೊಲಿದು ಕೂಡಿಸಿದಳು. ಅವಳ ಹೊಲಿಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ನನಗಿಂತ ಚಲೋ ಕೈ ಅವಳದು. ಇದನ್ನು ನಾನು ಯಾರ ಬಗ್ಗೆಯೂ ಸುಲಭವಾಗಿ ಹೇಳುವವಳಲ್ಲ.

ಅಕ್ಕನ ಒಂದು ಸೀರೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು, ನನಗೊಂದು ಮಾಡಲು ಆಗಲಿಲ್ಲ. ರೇಷ್ಮೆಯ ಬೆಲೆ ಕೊಡದೆ ಅಕ್ಕ ಅಲ್ಲಿಂದ ಏಳಲಿಲ್ಲ.

ಕೊನೆಯ ಸಂಜೆ

ಹೋಟೆಲಿನ ಅಂಗಳದಲ್ಲಿ ಊಟ. ಮರಗಳಿಗೆ ಕಾಗದದ ದೀಪಗಳನ್ನು ಕಟ್ಟಿದ್ದರು. ಡೀಲರುಗಳ ಹೆಂಡಂದಿರೆಲ್ಲ ಜರಿ ಸೀರೆಗಳಲ್ಲಿ ಬಂದರು. ಬ್ಯಾಂಕಾಕ್ ನೋಡಿ ಬಂದ ರೇಖಾ ವೈನಿ ಒಂಬತ್ತು ಗಜದ ಪೈಠಣಿ ಉಟ್ಟಿದ್ದರು. ಪ್ಯಾಂಟು ಹಾಕ್ಕೋರಿ ಅಂದವರು ಇವರೇ.

ಅಕ್ಕ ಕುಸುಬಿ ಬಣ್ಣದ ಸೀರೆಯಲ್ಲಿ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಹೊಲದ ಬದುವಿನ ಮೇಲೆ ನಡೆಯುವ ಹಾಗೆ ನಡೆದು ಬಂದಳು. ಅವಳ ಪಕ್ಕದಲ್ಲಿ ನಾನು. ನನ್ನ ಮೈಮೇಲೆ ಅದೇ ಹೂವಿನ ಪ್ಯಾಂಟು. ಅಷ್ಟು ಜರಿಯ ನಡುವೆ ನಾನೊಬ್ಬಳೇ ಹಾಲು ತರಲು ಹೊರಟವಳಂತೆ ಕಾಣುತ್ತಿದ್ದೆ. ಊಟ ಬಡಿಸುತ್ತಿದ್ದ ಹೆಂಗಸರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಅವರಲ್ಲಿ ಹ್ವಾ ಕೂಡ ಇದ್ದಳು, ಹೋಟೆಲಿನ ಬಟ್ಟೆಯಲ್ಲಿ. ವಿಚಿತ್ರವೆಂದರೆ ನನಗೆ ನಾಚಿಕೆಯಾಗಲಿಲ್ಲ.

ದೇಸಾಯಿ ಸರ ಒಬ್ಬೊಬ್ಬರನ್ನೇ ಕರೆದು ಉಡುಪಿನ ಬಗ್ಗೆ ಎರಡು ಮಾತು ಹೇಳಿಸಿದರು. ಅಕ್ಕನ ಸರದಿ ಬಂತು. ಅವಳು ಮೈಕನ್ನು ಮೊಸರು ಕಡೆಯುವ ಕಡಗೋಲಿನ ಹಾಗೆ ಹಿಡಿದುಕೊಂಡಳು.

"ಶರಣ್ರಿ ಎಲ್ಲಾರಿಗೂ. ನಾ ಕಿಣ್ಣಿ ಸುಲ್ತಾನದಾಕಿ. ಬಟ್ಟಿ ಈ ಊರಿಂದು, ಸೆರಗು ನಮ್ಮ ಕಡೀದು. ಹೊಲದಾಕಿ ಇಲ್ಲಿ ನಿಂತಾಳಲ್ಲ, ನನ್ನ ತಂಗಿ. ಉಳದದ್ದು ಆಕಿ ಹೇಳ್ತಾಳ."

ಮೈಕು ನನ್ನ ಕೈಗೆ ಬಂತು. ಕಚೇರಿಯಲ್ಲಿ ಹೇಳಿದ್ದು ನಾಲ್ಕು ಜನಕ್ಕಷ್ಟೇ ಗೊತ್ತಿತ್ತು. ಇಲ್ಲಿರುವ ನಲವತ್ತು ಜನ ಇನ್ನೂ ಹ್ವಾಳನ್ನು ಕಳ್ಳಿ ಎಂದೇ ತಿಳಿದಿದ್ದರು. ಅವಳು ಬಡಿಸಲು ಬಂದಾಗ ರೇಖಾ ವೈನಿ ಪರ್ಸನ್ನು ತೊಡೆಯ ಮೇಲೆ ಎಳೆದುಕೊಂಡದ್ದನ್ನು ನಾನು ನೋಡಿದ್ದೆ.

"ನಮ್ಮ ಅಕ್ಕನ ಸೀರಿ ಈ ಊರಾಗ ಯಾರೂ ಕದ್ದಿಲ್ರಿ" ಅಂದೆ. "ನಾನೇ ಆಕೀ ಚೀಲದಾಗಿಂದ ತಗದು ಮನ್ಯಾಗ ಬಿಟ್ಟು ಬಂದೀನಿ. ಆಕೀ ಜೋಡಿ ನಿಂದ್ರಾಕ ನಾಚಿಗಿ ಆಗಿತ್ತು. ದೇಸಾಯಿ ಸರ ಕೇಳಿದಾಗ ಹೂಂ ಅಂದೆ, ಅದಕ್ಕ ಈ ಹ್ವಾ ಎರಡು ದಿನ ಮನ್ಯಾಗ ಕುಂತಾಳ. ತಪ್ಪು ನಂದದ. ನೀವು ಆಕೀನ್ನ ಹಂಗ ನೋಡಬ್ಯಾಡ್ರಿ."

ಆಗ ರೇಖಾ ವೈನಿ ಕುರ್ಚಿಯಿಂದಲೇ ಗಟ್ಟಿಯಾಗಿ ಅಂದರು.

"ನೀವು ಸೀರಿ ಅಷ್ಟೇ ಬಿಟ್ಟು ಬಂದೀರಿ, ಮನಸಿಗಿ ಯಾಕ ಹಚ್ಕೋತೀರಿ. ನಮ್ಮ ಅತ್ತಿ ನಾನೂ ಬರ್ತೇನಿ ಅಂದಿದ್ರು. ನಾ ಅತ್ತೀನೇ ಬಿಟ್ಟು ಬಂದೀನಿ."

ಅಂಗಳವೆಲ್ಲ ನಗೆಯಿಂದ ತುಂಬಿತು. ರೇಖಾ ವೈನಿ ನಗಲಿಲ್ಲ. ಎದ್ದು ಹೋಗಿ ಹ್ವಾಳ ಕೈ ಹಿಡಿದು ಏನೋ ಹೇಳಿದರು, ಹಿಂದಿಯಲ್ಲಿ. ಹ್ವಾಳಿಗೆ ತಿಳಿಯಲಿಲ್ಲ, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಹೆಂಗಸರೆಲ್ಲ ಅಕ್ಕನ ಸೆರಗು ಹಿಡಿದು ಒಳ ಹೊಲಿಗೆ ನೋಡುವವರೇ. ನನಗೊಂದು ಹೊಲಿದು ಕೊಡ್ರಿ, ನನಗೊಂದು ಎಂದು ಆರು ಜನ ಹೇಳಿದರು. "ಸೆರಗು ಹೊಲದಾಕಿ ಇದೇ ಊರಾಗ ಅದಾಳ್ರಿ" ಎಂದು ಹ್ವಾಳ ಮನೆಯ ಓಣಿ ಹೇಳಿದೆ.

ಕಿಣ್ಣಿ ಸುಲ್ತಾನ

ಬರುವಾಗ ಅಕ್ಕ ರೇಷ್ಮೆ ಸೀರೆಯನ್ನು ನನಗೆ ಉಡಿಸಿದಳು. ತಾನು ಹಳದಿ ಹೂವಿನ ಪ್ಯಾಂಟು ಅಂಗಿ ಹಾಕಿಕೊಂಡಳು. "ವಿಮಾನಕ್ಕ ಇದೇ ಚಲೋ. ಓಡೂ ಮೆಟ್ಟಿಲಿಗಿ ಇದು ತಿನ್ನಾಕ ಸಿಗೂದಿಲ್ಲ" ಅಂದಳು. ಹ್ವಾಳ ಅತ್ತೆ ಕೊಟ್ಟ ಬಿದಿರಿನ ಟೋಪಿ ಅವಳ ತಲೆಯ ಮೇಲಿತ್ತು. ಹೈದರಾಬಾದಿನಲ್ಲಿ ಓಡುವ ಮೆಟ್ಟಿಲಿನ ಮುಂದೆ ನಾನು ನಿಂತು, ಅವಳ ಕೈ ಹಿಡಿದುಕೊಂಡು, ಇಬ್ಬರೂ ಒಂದೇ ಮೆಟ್ಟಿಲಿನ ಮೇಲೆ ಕಾಲಿಟ್ಟೆವು.

ಆಳಂದದಲ್ಲಿ ಮೂರು ಸೀರೆಗಳನ್ನು ಇಸ್ತ್ರಿ ಮಾಡಿ, ಅವಳನ್ನು ಊರಿಗೆ ಮುಟ್ಟಿಸಲು ಹೊರಟೆ. ಬಟ್ಟೆ ಬದಲಿಸು ಎಂದು ನಾನು ಹೇಳಲಿಲ್ಲ. ಅವಳೂ ಬದಲಿಸಲಿಲ್ಲ. ಬಸ್ಸು ಇಳಿದು, ಹೂವಿನ ಪ್ಯಾಂಟು, ಚೂಪು ಟೋಪಿ, ಮೂರು ಬೆರಳಿನ ವಿಭೂತಿಯಲ್ಲಿ ಅಕ್ಕ ಊರೊಳಗೆ ನಡೆದಳು. ನಾನು ಇಸ್ತ್ರಿ ಮಾಡಿದ ಸೀರೆಗಳ ಗಂಟು ಹಿಡಿದು ಅವಳ ಜೋಡಿ ನಡೆದೆ.

ತೊಗರಿ ಹಸನು ಮಾಡುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ ಒಬ್ಬ ಮುದುಕಿ, "ಯಾವೂರವರ್ರಿ ನೀವು? ಇಲ್ಲಿ ಯಾರ್ ಬೇಕಾಗಿತ್ತು?" ಎಂದು ಕೇಳಿದಳು.

ಅಕ್ಕ ಟೋಪಿ ತೆಗೆಯಲಿಲ್ಲ. ನನ್ನ ಭುಜದ ಮೇಲೆ ಕೈ ಹಾಕಿ, "ಪ್ರವಾಸಿಗರ್ರಿ" ಅಂದಳು. "ಈಕಿ ನನ್ನ ತಂಗಿ."